ಕಾರವಾರದ ಹೊಯ್ಗೆಯಲ್ಲಿ ಜಿರ್ಕಾನ್ ಹುಡುಕುವ ಬಗೆ

ಜಿರ್ಕಾನ್ ಎಂಬ ಖನಿಜ ನೋಡಬೇಕೆಂದರೆ ದೊಡ್ಡ ಊರಿನ ಮ್ಯೂಸಿಯಮ್ಮಿಗೆ ಹೋಗಬೇಕಾಗಿಲ್ಲ. ಕಾರವಾರದ ಟಾಗೋರ್ ಬೀಚಿನಲ್ಲಿ ಬೆಳಗಿನ ವಾಕಿಂಗಿಗೆ ಬರುವವರು ತುಳಿದುಕೊಂಡು ಹೋಗುವ ಹೊಯ್ಗೆಯಲ್ಲೇ ಅದರ ಕಣಗಳಿವೆ. ಕಣ ತೀರ ಸಣ್ಣದು, ಸಂಖ್ಯೆಯೂ ಕಡಿಮೆ. ಸುತ್ತಲಿನ ಬಿಳಿ ಕಣಗಳ ನಡುವೆ ಗುರುತೇ ಸಿಗದಂತೆ ಸೇರಿಕೊಂಡಿರುತ್ತದೆ. ಹೊರತೆಗೆಯುವುದಕ್ಕೆ ಲ್ಯಾಬ್ ಏನೂ ಬೇಡ. ಅಗಲವಾದ ಒಂದು ತಟ್ಟೆ, ಎರಡು ಬಗೆಯ ಅಯಸ್ಕಾಂತ, ಶಾಲೆಯ ಸೂಕ್ಷ್ಮದರ್ಶಕ, ಔಷಧಿ ಅಂಗಡಿಯಲ್ಲಿ ಸಿಗುವ ಲವಂಗದ ಎಣ್ಣೆ ಇದ್ದರೆ ಆಯಿತು.

ನಾನು ಕಾರವಾರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ತವರು ಶಿರಸಿ ಕಡೆ. ಒಂಬತ್ತನೇ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಪ್ರತಿ ವರ್ಷ ಈ ಕೆಲಸ ಮಾಡುತ್ತೇನೆ. ಪುಸ್ತಕದಲ್ಲಿ ‘ಸಾಂದ್ರತೆ’ ಎಂದು ಓದಿ ಬಾಯಿಪಾಠ ಮಾಡಿದ ಮಗು, ತಟ್ಟೆಯಲ್ಲಿ ಕಪ್ಪು ಹೊಯ್ಗೆ ಬೇರೆ ಬಿಳಿ ಹೊಯ್ಗೆ ಬೇರೆ ಆಗುವುದನ್ನು ತನ್ನ ಕೈಯಲ್ಲೇ ಮಾಡಿ ನೋಡಿದರೆ ಆ ಪಾಠ ಮತ್ತೆ ಮರೆಯುವುದಿಲ್ಲ. ಬೇರೆ ಶಾಲೆಗಳ ಅಕ್ಕೋರು, ಮಾಸ್ತರರು, ಮಕ್ಕಳ ಜೊತೆ ಕಡಲಿಗೆ ಹೋಗುವ ತಂದೆತಾಯಂದಿರು ಯಾರು ಬೇಕಾದರೂ ಮಾಡಬಹುದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಹುಡುಕುವ ಮೊದಲು, ಹುಡುಕುವುದು ಏನನ್ನು ಎಂದು ಗೊತ್ತಿರಬೇಕು. ಜಿರ್ಕಾನ್ ಒಂದು ಸಿಲಿಕೇಟ್ ಖನಿಜ. ಒಂದು ಜಿರ್ಕೋನಿಯಂ, ಒಂದು ಸಿಲಿಕಾನ್, ನಾಲ್ಕು ಆಮ್ಲಜನಕ, ಇದು ಅದರ ಪರಮಾಣು ಲೆಕ್ಕ. ಜೊತೆಗೆ ಹಾಫ್ನಿಯಂ ಎಂಬ ಧಾತು ಯಾವಾಗಲೂ ಸ್ವಲ್ಪ ಬೆರೆತಿರುತ್ತದೆ. ಗ್ರಾನೈಟಿನಂಥ ಕಲ್ಲು ಕರಗಿದ ಸ್ಥಿತಿಯಿಂದ ಆರಿ ಗಟ್ಟಿಯಾಗುವಾಗ ಇದು ಅಲ್ಲೊಂದು ಇಲ್ಲೊಂದು ಹರಳಾಗಿ ಮೂಡುತ್ತದೆ. ಹೆಚ್ಚಿನ ಹರಳುಗಳ ಉದ್ದ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟೇ. ಕಲ್ಲಿನಲ್ಲಿದ್ದಾಗ ಅದನ್ನು ನೋಡುವ ಆಸೆ ಬಿಡಬೇಕು. ಆದರೆ ನಮ್ಮ ಘಟ್ಟದ ಮಳೆಯಲ್ಲಿ ಕಲ್ಲು ಕೊಳೆಯುತ್ತ ಬರುವಾಗ ಫೆಲ್ಡ್‌ಸ್ಪಾರ್ ಜೇಡಿಯಾಗಿ ಹೋಗುತ್ತದೆ, ಅಭ್ರಕ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ, ಜಿರ್ಕಾನಿಗೆ ಮಾತ್ರ ಏನೂ ಆಗುವುದಿಲ್ಲ. ಮೋಸ್ ಅಳತೆಯಲ್ಲಿ ಅದರ ಗಡಸುತನ 7.5, ಬೆಣಚುಕಲ್ಲಿನದು 7. ಸಾಮಾನ್ಯ ಆಮ್ಲಗಳೂ ಅದನ್ನು ಕರಗಿಸಲಾರವು. ಕಲ್ಲು ಹೋದ ಮೇಲೂ ಅದು ಉಳಿಯುತ್ತದೆ, ಹೊಳೆಯಲ್ಲಿ ಉರುಳಿಕೊಂಡು ಕಡಲಿಗೆ ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದ ಹಳೆಯ ಕಲ್ಲುಗಳನ್ನು ಕೊರೆದುಕೊಂಡು ಇಳಿಯುವ ಹೊಳೆಗಳು. ಹಾಗಾಗಿ ಅಂಕೋಲೆ, ಕುಮಟೆ, ಹೊನ್ನಾವರದವರೂ ತಮ್ಮ ತಮ್ಮ ಅಳಿವೆಯ ಹತ್ತಿರ ಇದೇ ಕೆಲಸ ಮಾಡಬಹುದು.

ಆಭರಣದ ಅಂಗಡಿಯಲ್ಲಿ ‘ಅಮೆರಿಕನ್ ಡೈಮಂಡ್’ ಎಂದು ಕೊಡುವ ಹೊಳೆಯುವ ಕಲ್ಲಿಗೂ ಇದಕ್ಕೂ ಗಂಟು ಹಾಕಬೇಡಿ. ಅದು ಕಾರ್ಖಾನೆಯಲ್ಲಿ ಮಾಡಿದ ಜಿರ್ಕೋನಿಯಂ ಆಕ್ಸೈಡ್, ಅದರಲ್ಲಿ ಸಿಲಿಕಾನ್ ಇಲ್ಲವೇ ಇಲ್ಲ. ನಿಜವಾದ ಜಿರ್ಕಾನ್ ರತ್ನದ ಗಾತ್ರದಲ್ಲಿ ಸಿಗುವ ಹೆಸರಾಂತ ಜಾಗ ಶ್ರೀಲಂಕಾ. ಅಲ್ಲಿಂದ ಹೋದ ಒಂದು ಕಲ್ಲನ್ನು ಪರೀಕ್ಷಿಸಿಯೇ ಜರ್ಮನಿಯ ರಸಾಯನತಜ್ಞ ಕ್ಲಾಪ್ರೋತ್ 1789ರಲ್ಲಿ ಜಿರ್ಕೋನಿಯಂ ಎಂಬ ಹೊಸ ಧಾತು ಇದೆಯೆಂದು ತೋರಿಸಿದ.

ಈಗ ಜಾಗ ಮತ್ತು ಕಾಲ. ದಂಡೆಯಲ್ಲಿ ಎಲ್ಲೆಂದರಲ್ಲಿ ಬೊಗಸೆ ತುಂಬಿದರೆ ಸಿಗುವುದು ಬರೀ ಬೆಣಚು ಮತ್ತು ಚಿಪ್ಪಿನ ಚೂರು. ಉಬ್ಬರದ ನೀರು ಕೊನೆಗೆ ಮುಟ್ಟಿ ಹಿಂದೆ ಸರಿದ ಗೆರೆಯ ಆಸುಪಾಸಿನಲ್ಲಿ ಕಪ್ಪಗೆ, ಬಳ್ಳಿಬಳ್ಳಿಯಾಗಿ ಹರಡಿದ ಪಟ್ಟೆ ಕಾಣುತ್ತದಲ್ಲ, ನಮಗೆ ಬೇಕಾದದ್ದು ಅದು. ತೆರೆ ಮೇಲೇರಿ ಬರುವಾಗ ಎಲ್ಲ ಕಣಗಳನ್ನೂ ಹೊತ್ತು ತರುತ್ತದೆ. ಹಿಂದಿರುಗುವಾಗ ಅದಕ್ಕೆ ಶಕ್ತಿ ಕಡಿಮೆ, ಹಗುರ ಕಣಗಳನ್ನು ಮಾತ್ರ ಎಳೆದುಕೊಂಡು ಹೋಗುತ್ತದೆ. ಭಾರದ ಕಪ್ಪು ಕಣಗಳೂ, ಅವುಗಳಂತೆಯೇ ಭಾರವಾದ ಜಿರ್ಕಾನೂ ಅಲ್ಲೇ ನಿಲ್ಲುತ್ತವೆ. ಮಳೆಗಾಲದ ದೊಡ್ಡ ತೆರೆಗಳು ದಂಡೆಯನ್ನು ಕೆರೆದು ಹಾಕಿದ ಮೇಲೆ ಈ ಪಟ್ಟೆ ದಪ್ಪವಾಗಿ ಕಾಣುತ್ತದೆ. ಮಳೆ ನಿಂತು ಕಡಲು ತಣ್ಣಗಾದಂತೆ ಬಿಳಿ ಹೊಯ್ಗೆ ಮತ್ತೆ ಬಂದು ಮುಚ್ಚುತ್ತದೆ. ಆದ್ದರಿಂದ ಸಪ್ಟೆಂಬರ್, ಅಕ್ಟೋಬರ್ ಒಳ್ಳೆಯ ತಿಂಗಳು. ಆ ಮೇಲೆ ಹೋದರೆ ಅಂಗೈಯಿಂದ ಗೇಣುದ್ದ ಬಗೆದು ನೋಡಿ. ಅಂಚಿನಲ್ಲಿ ಬಿಳಿ, ಕಪ್ಪು, ಬಿಳಿ ಎಂದು ಪದರಗಳು ತಾವಾಗಿ ಕಾಣುತ್ತವೆ. ಮಳೆಗಾಲದಲ್ಲಿ ಮಾತ್ರ ಮಕ್ಕಳನ್ನು ನೀರಿನ ಅಂಚಿಗೆ ಕರೆದೊಯ್ಯಲೇಬೇಡಿ.

ಕಪ್ಪಗಿದ್ದ ಮಾತ್ರಕ್ಕೆ ಎಲ್ಲವೂ ಭಾರದ ಹೊಯ್ಗೆಯಲ್ಲ. ಮಾಜಾಳಿ ಹತ್ತಿರದ ತಿಳಮಾತಿ ದಂಡೆಯ ಕಪ್ಪು ಕಣಗಳು ನೋಡಲು ಬಲು ಚಂದ, ಆದರೆ ಅವು ಎಳ್ಳಿನ ಗಾತ್ರದವು. ಜಿರ್ಕಾನ್ ಸೇರಿಕೊಳ್ಳುವುದು ನುಣ್ಣನೆಯ ಕಣಗಳ ಜೊತೆ. ನೀರಿನಲ್ಲಿ ಒಂದೇ ವೇಗದಲ್ಲಿ ಮುಳುಗುವ ಕಣಗಳು ಒಂದೇ ಕಡೆ ಬೀಳುತ್ತವೆ. ಭಾರದ ಸಣ್ಣ ಕಣವೂ ಹಗುರದ ದೊಡ್ಡ ಕಣವೂ ಒಟ್ಟಿಗೆ ಬೀಳುವುದರಿಂದ, ಜಿರ್ಕಾನ್ ಕಣ ತನ್ನ ಪಕ್ಕದ ಬೆಣಚಿನ ಕಣಕ್ಕಿಂತ ಯಾವಾಗಲೂ ಚಿಕ್ಕದು. ಇದು ನೆನಪಿದ್ದರೆ ಮುಂದಿನ ಅರ್ಧ ಕೆಲಸ ಹಗುರ. ತಂದ ಹೊಯ್ಗೆಯನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ದಪ್ಪದ್ದನ್ನು ಮೊದಲೇ ಬೇರೆ ಮಾಡಿ. ಹುಡುಕಬೇಕಾದ್ದು ಕೆಳಗೆ ಬಿದ್ದದ್ದರಲ್ಲಿ.

ಎಷ್ಟು ತೆಗೆದುಕೊಳ್ಳಬೇಕು? ಎರಡು ಮುಷ್ಟಿ ಸಾಕು, ಅದಕ್ಕಿಂತ ಹೆಚ್ಚು ಬೇಡ. ಕಡಲ ದಂಡೆಯಲ್ಲಿ ಮರಳು ಗಣಿಗಾರಿಕೆಗೆ ಕರಾವಳಿ ನಿಯಂತ್ರಣ ವಲಯದ ನಿಯಮ ಅಡ್ಡಿ ಮಾಡುತ್ತದೆ. ಅದರ ಮೇಲೆ, ಕಡಲತೀರದ ಹೊಯ್ಗೆಯ ಇಲ್ಮನೈಟ್, ಗಾರ್ನೆಟ್, ಮೊನಾಜೈಟ್, ಜಿರ್ಕಾನ್ ಎಂಬ ಭಾರದ ಖನಿಜಗಳೆಲ್ಲ ಕೇಂದ್ರ ಸರಕಾರದ ಪರಮಾಣು ಖನಿಜಗಳ ಪಟ್ಟಿಯಲ್ಲಿವೆ. ಚೀಲಗಟ್ಟಲೆ ಹೊರುವುದು ತಪ್ಪು, ನಮಗೆ ಅದರ ಅಗತ್ಯವೂ ಇಲ್ಲ. ಅರಗಾ, ಬಿಣಗಾ ಕಡೆಯ ನೌಕಾನೆಲೆಯ ಜಾಗಕ್ಕೆ ಹೋಗಬೇಡಿ. ಚಳಿಗಾಲದಲ್ಲಿ ನಮ್ಮ ದಂಡೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅವು ಗೂಡು ತೋಡುವುದೂ ಉಬ್ಬರದ ಗೆರೆಯಿಂದ ಮೇಲಕ್ಕೆ. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾದಿರಿಸಿದ ಜಾಗದ ಹತ್ತಿರವೂ ಬಗೆಯಬಾರದು ಎಂದು ಮಕ್ಕಳಿಗೆ ಹೊರಡುವ ಮೊದಲೇ ಹೇಳಿ.

ಇನ್ನು ತಟ್ಟೆಯ ಕೆಲಸ. ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲು ತೆಗೆಯುವುದನ್ನು ನೋಡಿದವರಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ, ಕೈಯ ಅದೇ ಓಲಾಟ ಇಲ್ಲೂ. ಅಂಚು ಇಳಿಜಾರಾಗಿರುವ ಅಗಲ ತಟ್ಟೆ ಬೇಕು. ನಮ್ಮ ಕಡೆ ಸುಲಭವಾಗಿ ಸಿಗುವ ಅಡಕೆ ಹಾಳೆಯ ತಟ್ಟೆ ಮೊದಲ ಸಲಕ್ಕೆ ಚೆನ್ನಾಗಿದೆ. ಹಾಳೆಯ ಗೀರುಗಳು ಭಾರದ ಕಣವನ್ನು ತಡೆದು ಹಿಡಿಯುತ್ತವೆ. ಆದರೆ ಸ್ವಲ್ಪ ಹೊತ್ತಿಗೆ ನೀರು ಕುಡಿದು ಮೆತ್ತಗಾಗುತ್ತದೆ. ಹೆಚ್ಚು ಹೊತ್ತು ಕೂರುವುದಾದರೆ ಕಪ್ಪು ಪ್ಲಾಸ್ಟಿಕ್ ತಟ್ಟೆ ಒಳ್ಳೆಯದು. ಅದರ ಮೇಲೆ ಬಿಳಿ ಕಣ ಕಾಣುತ್ತದೆ, ಅಯಸ್ಕಾಂತವೂ ಅದಕ್ಕೆ ಅಂಟುವುದಿಲ್ಲ.

ದೊಡ್ಡ ಟಬ್ಬಿನಲ್ಲಿ ಸಿಹಿನೀರು ತುಂಬಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ಹಾಕದಿದ್ದರೆ ನುಣ್ಣನೆ ಕಣಗಳು ನೀರಿನ ಮೇಲ್ಮೈಗೆ ಅಂಟಿ ತೇಲಿಕೊಂಡು ಹೋಗುತ್ತವೆ, ಹಾಗೆ ಹೋಗುವುದರಲ್ಲಿ ಜಿರ್ಕಾನೂ ಇರಬಹುದು. ತಟ್ಟೆಯಲ್ಲಿ ಹೊಯ್ಗೆ ಹಾಕಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ಬೆರಳಿನಿಂದ ಚೆನ್ನಾಗಿ ಕಲಸಿ. ಆಮೇಲೆ ತಟ್ಟೆಯನ್ನು ಮಟ್ಟವಾಗಿ ಹಿಡಿದು ಎಡಕ್ಕೂ ಬಲಕ್ಕೂ ಬೇಗ ಬೇಗ ಅಲುಗಿಸಿ. ಈ ಅಲುಗಿಸುವುದೇ ಮುಖ್ಯ. ಕಣಗಳು ಸಡಿಲವಾದಾಗ ಭಾರದ್ದು ಸಂದಿಯಲ್ಲಿ ನುಸುಳಿ ತಳ ಸೇರುತ್ತದೆ. ಅದು ತಳ ಸೇರುವ ಮೊದಲೇ ತಟ್ಟೆ ಓರೆ ಮಾಡಿದರೆ ಮಾಡಿದ್ದೆಲ್ಲ ವ್ಯರ್ಥ. ಅಲುಗಿಸಿ ಆದ ಮೇಲೆ ಮುಂದಿನ ಅಂಚನ್ನು ಸ್ವಲ್ಪ ತಗ್ಗಿಸಿ, ನೀರು ಮೆಲ್ಲಗೆ ಹೋಗಿ ಬರುವಂತೆ ಮಾಡಿ. ಮೇಲಿನ ಬಿಳಿ ಪದರ ಅಂಚು ದಾಟಿ ಟಬ್ಬಿಗೆ ಬೀಳುತ್ತದೆ. ಮತ್ತೆ ಮಟ್ಟ ಮಾಡಿ ಅಲುಗಿಸಿ, ಮತ್ತೆ ಓರೆ ಮಾಡಿ. ಕಪ್ಪು ಹೊಯ್ಗೆ ಅಂಚಿನ ಹತ್ತಿರ ಬರತೊಡಗಿದಾಗ ಕೈ ಇನ್ನೂ ನಿಧಾನವಾಗಬೇಕು.

ಇದು ಗಾಳಿಯಲ್ಲಿ ಕೇರಿದರೆ ಇಷ್ಟು ಚೆನ್ನಾಗಿ ಆಗುವುದಿಲ್ಲ, ನೀರಿನಲ್ಲೇ ಯಾಕೆ ಆಗುತ್ತದೆ ಎಂದು ಮಕ್ಕಳು ಕೇಳುತ್ತಾರೆ, ಕೇಳಲಿ. ಬೆಣಚಿನ ಸಾಂದ್ರತೆ 2.65, ಜಿರ್ಕಾನಿನದು 4.6ರಿಂದ 4.7. ಬರೀ ಗಾಳಿಯಲ್ಲಿ ತೂಗಿದರೆ ಒಂದೇ ಗಾತ್ರದ ಜಿರ್ಕಾನ್ ಕಣ ಬೆಣಚಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಭಾರ. ನೀರಿನಲ್ಲಿ ಎರಡರಿಂದಲೂ ನೀರಿನ 1 ಕಳೆಯಬೇಕು. ಆಗ 1.65ಕ್ಕೆ ಎದುರು 3.6 ಉಳಿಯುತ್ತದೆ, ಎರಡು ಪಟ್ಟಿಗೂ ಮೇಲೆ. ಆರ್ಕಿಮಿಡೀಸನ ತತ್ವಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನಮ್ಮ ಪಠ್ಯದಲ್ಲಿ ನನಗೆ ಸಿಕ್ಕಿಲ್ಲ.

ಒಮ್ಮೆ ನಾವು ದಂಡೆಯಲ್ಲಿ ಕೂತು ಜಾಲಿಸುತ್ತಿದ್ದಾಗ ಮೀನು ಬುಟ್ಟಿ ಇಳಿಸಿ ನಿಂತ ಹೆಂಗಸೊಬ್ಬರು ಕೇಳಿದರು: “ಎಂತ ಅಕ್ಕೋರೇ, ಬಂಗಾರ ಸಿಗ್ತದೆಯಾ?” ಹಿಂದೆ ಕೂತಿದ್ದ ಹುಡುಗಿಯೊಬ್ಬಳು ತಟ್ಟೆ ಅವರ ಕೈಗೇ ಕೊಟ್ಟಳು. ಅವರು ಹಿಡಿದು ಓಲಾಡಿಸಿದ ರೀತಿ ನೋಡಿ ನನ್ನ ಮಕ್ಕಳೆಲ್ಲ ಸುಮ್ಮನಾದರು. ಅಷ್ಟು ಹದವಾದ ಕೈ, ಅಕ್ಕಿಯಲ್ಲಿ ಪಳಗಿದ್ದು. ಮಕ್ಕಳ ಗುಂಪಿನಲ್ಲಿ ಯಾರ ಅಜ್ಜಿಯಾದರೂ ಬರುವಂತಿದ್ದರೆ ಕರೆದುಕೊಂಡೇ ಹೋಗಿ.

ತಟ್ಟೆಯಲ್ಲಿ ಉಳಿದದ್ದು ಒಂದು ಚಮಚ ಕಪ್ಪು ಹೊಯ್ಗೆ ಇರಬೇಕು. ಟಬ್ಬಿನಲ್ಲಿ ಬಿದ್ದದ್ದನ್ನು ಅಲ್ಲೇ ದಂಡೆಗೆ ಸುರಿದು ಬನ್ನಿ. ಉಳಿದದ್ದನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಹಸಿ ಇದ್ದರೆ ಅಯಸ್ಕಾಂತದ ಕೆಲಸ ಆಗುವುದಿಲ್ಲ, ಕಣಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ.

ಮೊದಲು ಹಳೆಯ ಸ್ಪೀಕರಿನ ಅಯಸ್ಕಾಂತ. ಅದನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹೊಯ್ಗೆಯ ಮೇಲೆ ಆಡಿಸಿ. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಕವರಿಗೆ ಹತ್ತಿಕೊಳ್ಳುತ್ತವೆ. ಬೇರೆ ಕಾಗದದ ಮೇಲೆ ಹಿಡಿದು, ಒಳಗಿನ ಅಯಸ್ಕಾಂತವನ್ನು ಮೇಲಕ್ಕೆ ಎಳೆದುಕೊಂಡರೆ ಉದುರಿ ಬೀಳುತ್ತವೆ. ಕವರಿಲ್ಲದೆ ಮಾಡಿದರೆ ಅಯಸ್ಕಾಂತದಿಂದ ಆ ಪುಡಿ ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಆಮೇಲೆ ನಿಯೋಡಿಮಿಯಂ ಅಯಸ್ಕಾಂತ. ಕೆಟ್ಟ ಹಾರ್ಡ್ ಡಿಸ್ಕಿನಲ್ಲಿ ಇರುತ್ತದೆ, ಕಂಪ್ಯೂಟರ್ ರಿಪೇರಿಯವರನ್ನು ಕೇಳಿದರೆ ಕೊಡುತ್ತಾರೆ. ಇದರ ಸೆಳೆತ ಬಹಳ ಜೋರು. ಸ್ಪೀಕರಿನದಕ್ಕೆ ಬಾರದ ಇಲ್ಮನೈಟ್, ತೆಳು ಕೆಂಪಿನ ಗಾರ್ನೆಟ್ ಇದಕ್ಕೆ ಬರುತ್ತವೆ. ಹೊಯ್ಗೆಯನ್ನು ಕಾಗದದ ಮೇಲೆ ಒಂದೇ ಕಣದ ದಪ್ಪಕ್ಕೆ ಹರಡಿ, ತೀರ ಹತ್ತಿರ ಹಿಡಿದು, ನಾಲ್ಕಾರು ಬಾರಿ ಆಡಿಸಬೇಕು. ಸಣ್ಣ ನಿಯೋಡಿಮಿಯಂ ತುಂಡುಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ನುಂಗಿದರೆ ಜೀವಕ್ಕೇ ಅಪಾಯ.

ಕಪ್ಪೆಲ್ಲ ಹೋಗಿ ಕೊನೆಗೆ ಕಾಗದದ ಮೇಲೆ ಉಳಿಯುವುದು ಒಂದು ಚಿಟಿಕೆ ಬಿಳಿಚು ಪುಡಿ. ಜಿರ್ಕಾನನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಆದ್ದರಿಂದ ಅದು ಇದರಲ್ಲೇ ಇದೆ. ಜೊತೆಗೆ ತಪ್ಪಿಸಿಕೊಂಡು ಬಂದ ಬೆಣಚು, ಚಿಪ್ಪಿನ ಚೂರು, ರೂಟೈಲ್, ಸಿಲಿಮನೈಟ್ ಎಂಬ ಬೇರೆ ಖನಿಜಗಳು ಕೂಡ ಇರಬಹುದು. ಚಿಪ್ಪಿನ ಚೂರಿಗೆ ಸುಲಭದ ಮದ್ದು ವಿನೆಗರ್. ಪುಡಿಯನ್ನು ಅದರಲ್ಲಿ ರಾತ್ರಿಯಿಡೀ ಬಿಡಿ. ಗುಳ್ಳೆ ಬಿಟ್ಟು ಕರಗಿಹೋಗುತ್ತವೆ. ತೊಳೆದು ಒಣಗಿಸಿ.

ಇಲ್ಲಿ ಹೆಚ್ಚಿನವರು ಬಣ್ಣ ನೋಡಿ ತೀರ್ಮಾನ ಮಾಡಲು ಹೊರಡುತ್ತಾರೆ. ದಯವಿಟ್ಟು ಬಣ್ಣವನ್ನು ನಂಬಬೇಡಿ. ಜಿರ್ಕಾನ್ ಬಣ್ಣವಿಲ್ಲದೆಯೂ ಇರುತ್ತದೆ, ತೆಳು ಹಳದಿ, ಕಂದು, ನಸುಗೆಂಪು, ನೇರಳೆಯ ಛಾಯೆಯಲ್ಲೂ ಇರುತ್ತದೆ. ನಂಬಬೇಕಾದ್ದು ಬೆಳಕು ಅದರೊಳಗೆ ಹೇಗೆ ಬಾಗುತ್ತದೆ ಎಂಬುದನ್ನು. ಅದಕ್ಕೇ ಲವಂಗದ ಎಣ್ಣೆ.

ಗಾಜಿನ ಸ್ಲೈಡಿನ ಮೇಲೆ ಪುಡಿಯ ಕೆಲವೇ ಕಣ ಉದುರಿಸಿ, ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯ ಮಸೂರದಲ್ಲಿ ಮೊದಲು ಒಣಗಿದ್ದಂತೆಯೇ ನೋಡಿ. ಎಲ್ಲ ಕಣಗಳಿಗೂ ಕಪ್ಪು ಅಂಚು, ಎಲ್ಲವೂ ಒಂದೇ ಥರ. ಈಗ ಒಂದು ಹನಿ ಲವಂಗದ ಎಣ್ಣೆ ಬಿಟ್ಟು ಕವರ್ ಗಾಜು ಮುಚ್ಚಿ. ಬೆಣಚಿನ ಕಣಗಳ ಅಂಚು ಮಸುಕಾಗುತ್ತ ಹೋಗಿ, ಕಣವೇ ಹೆಚ್ಚುಕಡಿಮೆ ಮಾಯವಾಗುತ್ತದೆ. ಅಲ್ಲಿದೆ ಎಂದು ಗೊತ್ತಿದ್ದರೆ ಮಾತ್ರ ಕಾಣುವಷ್ಟು ತೆಳು ಗೆರೆ ಉಳಿಯುತ್ತದೆ. ಅದೇ ನೋಟದಲ್ಲಿ ಕೆಲವು ಕಣಗಳು ಮಾತ್ರ ದಪ್ಪ ಕಪ್ಪು ಅಂಚು ಹಾಕಿಕೊಂಡು, ನಡುವೆ ಪ್ರಖರವಾಗಿ ಹೊಳೆಯುತ್ತ ಹಾಗೆಯೇ ನಿಂತಿರುತ್ತವೆ. ಲವಂಗದ ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಸುಮಾರು 1.53, ಬೆಣಚಿನದು 1.54. ಎರಡಕ್ಕೂ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬೆಳಕು ಅವುಗಳ ಗಡಿಯಲ್ಲಿ ಬಾಗದೆ ನೇರ ದಾಟುತ್ತದೆ. ಜಿರ್ಕಾನಿನದು 1.92ಕ್ಕೂ ಮೇಲೆ. ಅದರ ಅಂಚಿಗೆ ಬಂದ ಬೆಳಕು ತೀವ್ರವಾಗಿ ಬಾಗಿ ಬೇರೆಡೆಗೆ ಹೋಗುವುದರಿಂದ ಅಂಚು ಕಪ್ಪಾಗಿ ಕಾಣುತ್ತದೆ. ಮನೆಯ ಕೊಬ್ಬರಿ ಎಣ್ಣೆಯಲ್ಲೂ ಮಾಡಿ ನೋಡಬಹುದು. ಆದರೆ ಅದರ ಸೂಚ್ಯಂಕ 1.45ರ ಆಸುಪಾಸು, ಬೆಣಚು ಅಷ್ಟು ಚೆನ್ನಾಗಿ ಮಾಯವಾಗುವುದಿಲ್ಲ. ಲವಂಗದ ಎಣ್ಣೆ ಚರ್ಮಕ್ಕೆ ಉರಿ, ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಮಸೂರಕ್ಕೆ ತಗಲದಂತೆ ನೋಡಿಕೊಳ್ಳಿ.

ದಪ್ಪ ಅಂಚಿನ ಕಣವೆಲ್ಲ ಜಿರ್ಕಾನ್ ಎಂದು ಇನ್ನೂ ಹೇಳುವಂತಿಲ್ಲ. ಆಕಾರ ನೋಡಿ. ಅದು ಚತುಷ್ಕೋನ ವ್ಯವಸ್ಥೆಯ ಹರಳು, ನಾಲ್ಕು ಮೈಯ ಪಟ್ಟಕ, ಎರಡು ತುದಿಯಲ್ಲೂ ಪಿರಮಿಡ್. ಹೊಳೆಯಲ್ಲಿ ದೂರ ಉರುಳಿ ಬಂದದ್ದಾದರೆ ಮೂಲೆಗಳು ಸವೆದು ಉದ್ದನೆ ಅಂಡಾಕಾರವಾಗಿರುತ್ತದೆ. ರೂಟೈಲಿನ ಅಂಚು ಇನ್ನೂ ಕಪ್ಪು, ಮೈ ಕೆಂಗಂದು. ಸಿಲಿಮನೈಟ್ ಕಡ್ಡಿಯಾಕಾರ, ಅಂಚು ಸಾಧಾರಣ. ಅಯಸ್ಕಾಂತ ತಪ್ಪಿಸಿಕೊಂಡ ಗಾರ್ನೆಟ್ ಇದ್ದರೆ ಅದಕ್ಕೊಂದು ಖಚಿತ ಪರೀಕ್ಷೆ ಇದೆ. ಕೆಟ್ಟ ಕ್ಯಾಲ್ಕುಲೇಟರಿನ ಪರದೆಯಿಂದ ಪೋಲರಾಯ್ಡ್ ಹಾಳೆ ಬಿಡಿಸಿ, ಒಂದು ತುಂಡನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಮೇಲೆ ಹಿಡಿದು ಹಿನ್ನೆಲೆ ಕಪ್ಪಾಗುವವರೆಗೆ ತಿರುಗಿಸಿ. ಗಾರ್ನೆಟ್ ಕೂಡ ಕಪ್ಪಾಗಿಬಿಡುತ್ತದೆ, ಸ್ಲೈಡನ್ನು ಹೇಗೆ ತಿರುಗಿಸಿದರೂ ಬೆಳಗುವುದಿಲ್ಲ. ಜಿರ್ಕಾನ್ ಆ ಕತ್ತಲಲ್ಲಿ ಬಣ್ಣಬಣ್ಣವಾಗಿ ಬೆಳಗುತ್ತದೆ. ತರಗತಿಯಲ್ಲಿ ಮಕ್ಕಳು ಸಾಲುಗಟ್ಟಿ ಎರಡೆರಡು ಬಾರಿ ನೋಡುವುದು ಇದನ್ನೇ.

ಜಿರ್ಕಾನ್ ನೇರಳಾತೀತ ಬೆಳಕಿನಲ್ಲಿ ಹಳದಿ, ಕಿತ್ತಳೆಯಾಗಿ ಹೊಳೆಯುತ್ತದೆ ಎಂದು ಕೇಳಿ ಕೆಲವರು ನೋಟು ಪರೀಕ್ಷಿಸುವ ಟಾರ್ಚ್ ತರುತ್ತಾರೆ. ಹೊಳೆಯುವುದು ನಿಜ, ಎಲ್ಲ ಕಣಗಳೂ ಅಲ್ಲ. ಅದಕ್ಕೆ ಬೇಕಾದ್ದು ಕಿರುತರಂಗದ ದೀಪ, ಆ ಟಾರ್ಚಿನದು ದೀರ್ಘತರಂಗ. ಕಿರುತರಂಗದ ದೀಪ ಕಣ್ಣಿಗೆ ಹಾನಿ ಮಾಡುವಂಥದ್ದು. ಶಾಲೆಯಲ್ಲಿ ಅದು ಬೇಡವೇ ಬೇಡ.

ನೂರಕ್ಕೆ ನೂರು ಖಚಿತವಾಗಬೇಕೆಂದರೆ ಎಕ್ಸ್‌ರೇ ಅಥವಾ ರಾಮನ್ ಉಪಕರಣ ಇರುವ ಕಡೆ ಕೊಡಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ, ಆಸಕ್ತಿಯ ವಿದ್ಯಾರ್ಥಿ ಅಲ್ಲಿಗೆ ಒಂದು ಪತ್ರ ಬರೆಯಲಿ.

ಕಣ ಸಿಕ್ಕ ದಿನ ಮಕ್ಕಳಿಗೆ ಎರಡು ವಿಷಯ ತಪ್ಪದೆ ಹೇಳುತ್ತೇನೆ. ಒಂದು ಕೈಗಾದ್ದು. ಇದೇ ಕಾಳಿ ನದಿಯ ದಡದ ಆ ಪರಮಾಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅಲ್ಲಿನ ಯುರೇನಿಯಂ ಇಂಧನವನ್ನು ತುಂಬುವ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು. ಜಿರ್ಕೋನಿಯಂ ನ್ಯೂಟ್ರಾನುಗಳನ್ನು ಬಹಳ ಕಡಿಮೆ ಹೀರುತ್ತದೆ, ಬಿಸಿನೀರಿನಲ್ಲೂ ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಜೊತೆಗೆ ಬಂದ ಹಾಫ್ನಿಯಂ ಮಾತ್ರ ನ್ಯೂಟ್ರಾನನ್ನು ನುಂಗುತ್ತದೆ, ಅದನ್ನು ಬೇರ್ಪಡಿಸುವುದೇ ದೊಡ್ಡ ಕೆಲಸ. ಆ ಶುದ್ಧೀಕರಣವೂ ಕೊಳವೆ ತಯಾರಿಯೂ ನಡೆಯುವುದು ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನಲ್ಲಿ. ನಮ್ಮ ದೇಶದಲ್ಲಿ ಜಿರ್ಕಾನನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವುದು ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದ ಕಡಲ ಹೊಯ್ಗೆಯಿಂದ. ಕೈಗಾದ ಮೊದಲ ಘಟಕ ನಿಲ್ಲದೆ 962 ದಿನ ನಡೆದು 2018ರಲ್ಲಿ ವಿಶ್ವದಾಖಲೆ ಮಾಡಿತ್ತು. ಮನೆಯವರು ಅಲ್ಲಿ ಕೆಲಸಕ್ಕಿರುವ ಮಕ್ಕಳ ಮುಖ ಆಗ ನೋಡಬೇಕು.

ಇನ್ನೊಂದು ವಯಸ್ಸು. ಜಿರ್ಕಾನ್ ಹರಳುಗಟ್ಟುವಾಗ ಸ್ವಲ್ಪ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಆ ಯುರೇನಿಯಂ ಕ್ರಮೇಣ ಸೀಸವಾಗುತ್ತದೆ. ಅದರಲ್ಲಿ ಎರಡು ಬಗೆ: ಯುರೇನಿಯಂ 238 ಅರ್ಧವಾಗಲು 447 ಕೋಟಿ ವರ್ಷ, ಯುರೇನಿಯಂ 235 ಅರ್ಧವಾಗಲು ಸುಮಾರು 70 ಕೋಟಿ ವರ್ಷ. ಒಂದೇ ಕಣದಲ್ಲಿ ಎರಡು ಗಡಿಯಾರ, ಒಂದರ ಲೆಕ್ಕವನ್ನು ಇನ್ನೊಂದರಿಂದ ತಾಳೆ ನೋಡಬಹುದು. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸಿನ ಒಂದು ಕಣ 440 ಕೋಟಿ ವರ್ಷ ಹಳೆಯದೆಂದು ತಿಳಿದದ್ದು ಹೀಗೆ. ಕಾರವಾರದ ಸುತ್ತಿನ ಹಳೆಯ ಕಲ್ಲುಗಳ ವಯಸ್ಸು ಸುಮಾರು 320 ಕೋಟಿ ವರ್ಷ ಎಂದು ಹೇಳಿದ್ದೂ ಜಿರ್ಕಾನೇ. ಸೂಕ್ಷ್ಮದರ್ಶಕದಲ್ಲಿ ವಯಸ್ಸು ಕಾಣುವುದಿಲ್ಲ, ಆದರೆ ಯುರೇನಿಯಮ್ಮಿನ ವಿಕಿರಣದಿಂದ ಒಳಗೇ ಪೆಟ್ಟು ತಿಂದ ಕಣ ಕಂದಾಗಿ ಮಬ್ಬಾಗಿರುತ್ತದೆ. ಅಂಥದ್ದು ಸಿಕ್ಕರೆ ಬಿಸಾಡಬೇಡಿ, ಸ್ವಚ್ಛ ಕಣದ ಪಕ್ಕದಲ್ಲೇ ಇಡಿ. ಒಂದೆರಡು ಕಣದ ಯುರೇನಿಯಮ್ಮಿಗೆ ಹೆದರಬೇಕಾಗಿಲ್ಲ. ಒಣ ಪುಡಿಯನ್ನು ಊದಿ ಉಸಿರಿಗೆ ಎಳೆದುಕೊಳ್ಳಬಾರದು, ಅಷ್ಟೆ.

ಇಟ್ಟುಕೊಳ್ಳಬೇಕಾದ್ದು ಕೆಲವೇ ಕಣ. ಚಿತ್ರ ಬಿಡಿಸುವ ಸೊನ್ನೆ ನಂಬರಿನ ಕುಂಚದ ತುದಿಯನ್ನು ಸ್ವಲ್ಪ ಒದ್ದೆ ಮಾಡಿ ಮುಟ್ಟಿಸಿದರೆ ಕಣ ಹತ್ತಿ ಬರುತ್ತದೆ. ಎಣ್ಣೆಯಲ್ಲಿದ್ದದ್ದನ್ನು ಸೋಪಿನ ನೀರಿನಲ್ಲಿ ತೊಳೆದು, ಸ್ಲೈಡಿನ ಮೇಲೆ ಪಾರದರ್ಶಕ ನೈಲ್‌ಪಾಲಿಶಿನ ಹನಿಯಲ್ಲಿ ಕೂರಿಸಿ. ಒಂದು ತುದಿಗೆ ಚೀಟಿ ಅಂಟಿಸಿ: ಯಾವ ದಂಡೆ, ಯಾವ ತಾರೀಕು, ಉಬ್ಬರದ ಗೆರೆಯಿಂದ ಎಷ್ಟು ಹೆಜ್ಜೆ, ಮೇಲಿನ ಪದರವೋ ಗೇಣು ಕೆಳಗಿನದೋ, ಯಾರು ಜಾಲಿಸಿದ್ದು. ನಾವು ಪೆನ್ಸಿಲಿನಲ್ಲೇ ಬರೆಯುತ್ತೇವೆ, ಕಾರವಾರದ ತೇವಕ್ಕೆ ಶಾಯಿ ಹರಡುತ್ತದೆ. ಉಳಿದ ಮ್ಯಾಗ್ನೆಟೈಟ್, ಇಲ್ಮನೈಟ್, ಗಾರ್ನೆಟನ್ನು ಒಂದೊಂದು ಚಿಟಿಕೆ ಚಿಕ್ಕ ಬಾಟಲಿಗೆ ಹಾಕಿ ಜೊತೆಗಿಡಿ, ಮಿಕ್ಕದ್ದು ದಂಡೆಗೆ ವಾಪಸು. ಮುಂದಿನ ಸಪ್ಟೆಂಬರಿನಲ್ಲಿ ಅದೇ ಜಾಗದಿಂದ ಅದೇ ಎರಡು ಮುಷ್ಟಿ ತೆಗೆದು ಜಾಲಿಸಿದರೆ, ಕಪ್ಪು ಹೊಯ್ಗೆ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಆ ವರ್ಷದ ಮಕ್ಕಳು ಚೀಟಿ ನೋಡಿ ಹೇಳಬಹುದು.